ಅಲ್ಟ್ರಾಸೌಂಡ್ ಚಿಪ್‌ನೊಳಗೆ ನೀರು ಯಾಕೆ ಸುತ್ತುತ್ತದೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬರೆದಿದ್ದೇನೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಎರಡು ವಿಡಿಯೋ ನೋಡಿಬಿಡಿ. ಎರಡರಲ್ಲೂ ಇರುವುದು ಒಂದೇ ಚಿಪ್. ಅದೇ ಕಾಲುವೆ, ಅದೇ ನೀರು, ಅದೇ ಅಲ್ಟ್ರಾಸೌಂಡ್. ನೀರಿಗೆ ಹಾಕಿದ ಪ್ಲಾಸ್ಟಿಕ್ ಗುಂಡುಗಳ ಗಾತ್ರ ಮಾತ್ರ ಬೇರೆ. ಮೊದಲನೆಯದರಲ್ಲಿ ಗುಂಡಿನ ಅಡ್ಡಳತೆ 5 ಮೈಕ್ರೋಮೀಟರ್. ಸ್ವಿಚ್ ಹಾಕಿದ ಕೂಡಲೇ ಎಲ್ಲವೂ ಕಾಲುವೆಯ ನಡುವಿಗೆ ಓಡಿ ಬಂದು ಒಂದೇ ಗೆರೆಯಾಗಿ ನಿಂತುಬಿಟ್ಟವು. ಒಂದು ಸೆಕೆಂಡೂ ಹಿಡಿಯಲಿಲ್ಲ. ಎರಡನೆಯದರಲ್ಲಿ ಗುಂಡು ಅರ್ಧ ಮೈಕ್ರೋಮೀಟರ್. ಇವೂ ನಡುವಿಗೆ ಬರುತ್ತವೆ, ಆದರೆ ನಿಲ್ಲುವುದಿಲ್ಲ. ಫೋಕಸ್ ತಪ್ಪಿ ಮಸುಕಾಗುತ್ತವೆ, ಅಂದರೆ ಮೇಲಕ್ಕೋ ಕೆಳಕ್ಕೋ ಹೋದವು. ಆಮೇಲೆ ಬದಿಯ ಗೋಡೆಯ ಹತ್ತಿರ ಮತ್ತೆ ಕಾಣಿಸಿಕೊಂಡು ಮತ್ತೆ ನಡುವಿಗೆ ಬರುತ್ತವೆ. ಎಷ್ಟು ಹೊತ್ತು ಕಾದರೂ ಇದೇ ಸುತ್ತಾಟ.

ಇವತ್ತಿನ ಮಾತು ಈ ಎರಡನೇ ವಿಡಿಯೋ ಬಗ್ಗೆ. ಮೊದಲನೆಯದು ನೋಡಲು ಚಂದ, ಜಾಹೀರಾತಿಗೂ ಸರಿ. ಆದರೆ ಶಬ್ದದಿಂದ ಸಣ್ಣ ಕಣಗಳನ್ನು ಸರಿಸುವ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ನಿದ್ದೆ ಕೆಡಿಸಿರುವುದು ಎರಡನೆಯದು.

ಚಿಪ್ ಹೇಗಿರುತ್ತದೆ

ಸಾಧನ ಸರಳವಾದದ್ದು. ಒಂದು ಸಿಲಿಕಾನ್ ತುಂಡಿನಲ್ಲಿ ಕೂದಲಿಗಿಂತ ಕೆಲವು ಪಟ್ಟು ಅಗಲದ ಕಾಲುವೆ ಕೊರೆದು, ಮೇಲೆ ಗಾಜು ಮುಚ್ಚಿರುತ್ತಾರೆ. ಕೆಳಗೆ ಪೀಜೋ ಸೆರಾಮಿಕ್ ತುಂಡೊಂದನ್ನು ಅಂಟಿಸಿರುತ್ತಾರೆ. ಅದಕ್ಕೆ ಎಸಿ ವೋಲ್ಟೇಜ್ ಕೊಟ್ಟರೆ ಅದು ನಡುಗುತ್ತದೆ. ಚಿಪ್ ಪೂರ್ತಿ ನಡುಗುತ್ತದೆ, ಒಳಗಿನ ನೀರೂ ನಡುಗುತ್ತದೆ.

ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ನಡುಕ ಸೆಕೆಂಡಿಗೆ 20 ಲಕ್ಷ ಸಲ, ಅಂದರೆ 2 ಮೆಗಾಹರ್ಟ್ಝ್ ಇದ್ದರೆ ಅಲೆಯ ಉದ್ದ 750 ಮೈಕ್ರೋಮೀಟರ್. ಕಾಲುವೆಯ ಅಗಲವನ್ನು ಅದರ ಅರ್ಧ, 375 ಮೈಕ್ರೋಮೀಟರ್ ಇಟ್ಟರೆ ಎರಡು ಬದಿಗೋಡೆಗಳ ನಡುವೆ ಸರಿಯಾಗಿ ಅರ್ಧ ಅಲೆ ಕೂರುತ್ತದೆ. ಮುಂದಕ್ಕೂ ಹೋಗದೆ, ಹಿಂದಕ್ಕೂ ಹೋಗದೆ ಅಲ್ಲೇ ನಿಲ್ಲುವ ಅಲೆ. ಬದಿಗೋಡೆಗಳ ಹತ್ತಿರ ಒತ್ತಡದ ಏರಿಳಿತ ಅತಿ ಹೆಚ್ಚು. ನಡುವೆ ಒತ್ತಡ ಬದಲಾಗುವುದೇ ಇಲ್ಲ, ಆದರೆ ನೀರಿನ ಅಲುಗಾಟ ಅಲ್ಲೇ ಜಾಸ್ತಿ. ಈ ನಡುಗೆರೆಗೆ ಒತ್ತಡದ ನೋಡ್ ಅಂತಾರೆ.

ಇಲ್ಲಿ ಒಂದೆರಡು ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಇಂಥ ಚಿಪ್‌ನಲ್ಲಿ ಒತ್ತಡ ಸುಮಾರು 10 ವಾತಾವರಣದಷ್ಟು ಏರುತ್ತದೆ, ಅಷ್ಟೇ ಇಳಿಯುತ್ತದೆ ಅಂದುಕೊಳ್ಳಿ. ಆಗ ನೀರಿನ ಕಣ ಹಿಂದೆ ಮುಂದೆ ಸರಿಯುವುದು ಬರೀ 50 ನ್ಯಾನೋಮೀಟರ್ ಆಸುಪಾಸು. ಒಂದು ವೈರಸ್‌ನ ಅರ್ಧದಷ್ಟು ದೂರ! ಆದರೆ ಅಷ್ಟು ದೂರವನ್ನು ಸೆಕೆಂಡಿಗೆ 20 ಲಕ್ಷ ಸಲ ಸರಿಯಬೇಕಲ್ಲ, ಹಾಗಾಗಿ ಗರಿಷ್ಠ ವೇಗ ಸೆಕೆಂಡಿಗೆ 70 ಸೆಂಟಿಮೀಟರಿನ ಹತ್ತಿರ ಬರುತ್ತದೆ. ವೇಗೋತ್ಕರ್ಷವಂತೂ ಗುರುತ್ವದ ಸುಮಾರು ಎಂಟು ಲಕ್ಷ ಪಟ್ಟು. ಈ ಸಂಖ್ಯೆ ಕೇಳಿದವರೆಲ್ಲ ಮೊದಲು ನಂಬುವುದಿಲ್ಲ. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ.

ಆದರೆ ಇದೆಲ್ಲ ಹಿಂದೆ ಮುಂದೆ ಆಗುವ ಅಲುಗಾಟ. ಹೋದಷ್ಟೇ ವಾಪಸ್ ಬರುತ್ತದೆ. ಸರಾಸರಿ ತೆಗೆದರೆ ಸೊನ್ನೆ. ಹಾಗಿದ್ದ ಮೇಲೆ ಗುಂಡುಗಳು ಒಂದೇ ದಿಕ್ಕಿಗೆ ಯಾಕೆ ಓಡಿದವು? ನೀರು ಒಂದೇ ದಿಕ್ಕಿಗೆ ಯಾಕೆ ಸುತ್ತಿತು? ಇವು ಎರಡು ಬೇರೆ ಪ್ರಶ್ನೆಗಳು. ಉತ್ತರವೂ ಬೇರೆ ಬೇರೆ.

ಗುಂಡನ್ನು ತಳ್ಳುವ ಬಲ

ಮೊದಲ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಗುಂಡಿನ ಸಾಂದ್ರತೆ ನೀರಿನದ್ದಲ್ಲ, ಅದು ಕುಗ್ಗುವ ಪ್ರಮಾಣವೂ ನೀರಿನದ್ದಲ್ಲ. ಹಾಗಾಗಿ ಅಲೆ ಅದಕ್ಕೆ ಬಡಿದು ಸ್ವಲ್ಪ ಚದುರುತ್ತದೆ. ಚದುರಿದ ಅಲೆ ಮತ್ತು ಮೂಲ ಅಲೆ ಸೇರಿದಾಗ ಸರಾಸರಿ ಸೊನ್ನೆಯಾಗದ ಒಂದು ಪುಟ್ಟ ಬಲ ಉಳಿಯುತ್ತದೆ. 1934ರಲ್ಲಿ ಕಿಂಗ್ ಇದನ್ನು ಕುಗ್ಗದ ಗೋಳಕ್ಕೆ ಲೆಕ್ಕ ಹಾಕಿದರು. 1955ರಲ್ಲಿ ಯೋಸಿಯೋಕಾ ಮತ್ತು ಕವಾಸಿಮಾ ಕುಗ್ಗುವ ಗೋಳಕ್ಕೆ ವಿಸ್ತರಿಸಿದರು. 1962ರಲ್ಲಿ ಗೋರ್ಕೋವ್ ಅದನ್ನು ಎಲ್ಲ ಬಗೆಯ ಅಲೆಗೂ ಹೊಂದುವ ಚೊಕ್ಕ ರೂಪಕ್ಕೆ ತಂದರು. ಇವತ್ತಿಗೂ ಎಲ್ಲರೂ ಬಳಸುವುದು ಆ ಸೂತ್ರವನ್ನೇ.

ರಕ್ತಕಣ, ಪ್ಲಾಸ್ಟಿಕ್ ಗುಂಡು ಇಂಥವು ನೀರಿಗಿಂತ ಗಟ್ಟಿ. ಅವು ನಡುವಿನ ನೋಡ್‌ಗೆ ಹೋಗುತ್ತವೆ. ಕೊಬ್ಬಿನ ಹನಿ ನೀರಿಗಿಂತ ಹಗುರ, ಹೆಚ್ಚು ಕುಗ್ಗುತ್ತದೆ. ಅದು ಉಲ್ಟಾ, ಬದಿಗೋಡೆಗೆ ಹೋಗುತ್ತದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾರೆಲ್ ಅವರ ತಂಡ 2004ರ ಹೊತ್ತಿಗೆ ಇದನ್ನೇ ಬಳಸಿ ರಕ್ತದಿಂದ ಕೊಬ್ಬಿನ ಹನಿ ಬೇರೆ ಮಾಡಿ ತೋರಿಸಿತು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹೊರಬಂದ ರಕ್ತವನ್ನು ರೋಗಿಗೇ ವಾಪಸ್ ಕೊಡುವಾಗ ಅದರಲ್ಲಿನ ಕೊಬ್ಬಿನ ಹನಿಗಳು ಮೆದುಳಿನ ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡಬಹುದು. ಅದಕ್ಕೊಂದು ದಾರಿ ಹುಡುಕುತ್ತಿದ್ದರು.

ಈಗ ಮುಖ್ಯ ವಿಷಯ. ಈ ತಳ್ಳುವ ಬಲ ಗುಂಡಿನ ಘನ ಗಾತ್ರಕ್ಕೆ ತಕ್ಕಂತೆ ಇರುತ್ತದೆ. ನೀರು ಒಡ್ಡುವ ತಡೆ ತ್ರಿಜ್ಯಕ್ಕೆ ತಕ್ಕಂತೆ. ಎರಡನ್ನೂ ಭಾಗಿಸಿದರೆ ಗುಂಡು ಓಡುವ ವೇಗ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಬರುತ್ತದೆ. ನಾನು ಹೇಳಿದ ಒತ್ತಡದಲ್ಲಿ 5 ಮೈಕ್ರೋಮೀಟರ್ ಪಾಲಿಸ್ಟೈರೀನ್ ಗುಂಡು ಸೆಕೆಂಡಿಗೆ ಸುಮಾರು 600 ಮೈಕ್ರೋಮೀಟರ್ ವೇಗ ಮುಟ್ಟುತ್ತದೆ. 1 ಮೈಕ್ರೋಮೀಟರ್ ಗುಂಡಿಗೆ ಅದರ 25ರಲ್ಲಿ ಒಂದು ಪಾಲು. ಅರ್ಧ ಮೈಕ್ರೋಮೀಟರಿಗೆ ನೂರರಲ್ಲಿ ಒಂದು ಪಾಲು.

ಬರೀ ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಸಣ್ಣ ಗುಂಡಿಗೆ ಸ್ವಲ್ಪ ಜಾಸ್ತಿ ಹೊತ್ತು ಕಾಯಬೇಕು, ಅಷ್ಟೇ ಅಲ್ವಾ? ಆದರೆ ಅದು ನಿಂತಿರುವ ನೀರೇ ನಿಂತಿಲ್ಲ.

ಫ್ಯಾರಡೆಯ ಪುಡಿ, ರೇಲೀಯ ಲೆಕ್ಕ

ಶಬ್ದ ಹರಿವು ಹುಟ್ಟಿಸುತ್ತದೆ ಅನ್ನುವುದು ಹಳೆಯ ಸಂಗತಿ. 1787ರಲ್ಲಿ ಕ್ಲಾಡ್ನಿ ನಡುಗುವ ತಟ್ಟೆಯ ಮೇಲೆ ಮರಳು ಉದುರಿಸಿ ಚಿತ್ತಾರ ತೋರಿಸಿದ್ದರು. ಮರಳು ತಟ್ಟೆ ಅಲುಗದ ಗೆರೆಗಳಿಗೆ ಹೋಗಿ ಸೇರುತ್ತದೆ. ಆದರೆ ತುಂಬಾ ನಯವಾದ ಪುಡಿ ಹಾಕಿದರೆ ಅದು ಉಲ್ಟಾ, ಹೆಚ್ಚು ಅಲುಗುವ ಜಾಗದಲ್ಲಿ ಗುಡ್ಡೆಯಾಗುತ್ತದೆ. ಯಾಕೆ? 1831ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಬಿಡಿಸಿದರು. ತಟ್ಟೆಯ ಮೇಲಿನ ಗಾಳಿಯೇ ಸುತ್ತುತ್ತಿದೆ, ನಯವಾದ ಪುಡಿ ಅದರ ಜೊತೆ ಹೋಗುತ್ತಿದೆ ಅಂದರು. ಸುಮ್ನೆ ಹೇಳಲಿಲ್ಲ. ಗಾಳಿಯನ್ನು ಹೊರತೆಗೆದು ನೋಡಿದರು. ಆಗ ನಯವಾದ ಪುಡಿಯೂ ಮರಳಿನ ಹಾಗೆಯೇ ನಡೆದುಕೊಂಡಿತು.

ಗಮನಿಸಿ, ಇದು ನಮ್ಮ ಎರಡು ವಿಡಿಯೋಗಳ ಕಥೆಯೇ. ದಪ್ಪ ಕಣ ಬಲದ ಮಾತು ಕೇಳುತ್ತದೆ, ಸಣ್ಣ ಕಣ ಹರಿವಿನ ಮಾತು ಕೇಳುತ್ತದೆ.

ಶಬ್ದ ತುಂಬಿದ ಕೊಳವೆಯೊಳಗೆ ಗಾಳಿ ಸುತ್ತುವುದನ್ನು 1876ರಲ್ಲಿ ಡ್ವೊರಾಕ್ ಕಂಡರು. 1884ರಲ್ಲಿ ಲಾರ್ಡ್ ರೇಲೀ ಅದಕ್ಕೆ ಗಣಿತ ಕೊಟ್ಟರು. ಆ ಲೆಕ್ಕ ಇವತ್ತಿನ ಚಿಪ್‌ಗೆ ಹಾಗೇ ಹೊಂದುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ನಮ್ಮ ಅಲೆ ಎಡಗೋಡೆಯಿಂದ ಬಲಗೋಡೆಗೆ ಅಡ್ಡಲಾಗಿ ನಿಂತಿದೆ. ಹಾಗಾಗಿ ನೀರು ಕಾಲುವೆಯ ತಳ ಮತ್ತು ಮುಚ್ಚಳದ ಗುಂಟ ಎಡಕ್ಕೆ ಬಲಕ್ಕೆ ಅಲುಗುತ್ತದೆ. ಆದರೆ ತಳಕ್ಕೆ ತಾಗಿದ ನೀರು ಅಂಟಿಕೊಂಡಿರುತ್ತದೆ, ಅಲುಗುವುದಿಲ್ಲ. ಅಲುಗದ ನೀರಿನಿಂದ ಪೂರ್ತಿ ಅಲುಗುವ ನೀರಿಗೆ ಬರಲು ನಡುವೆ ಒಂದು ತೆಳುವಾದ ಪದರ ಬೇಕು. ಅದೇ ಗಡಿಪದರ. ನೀರಿನಲ್ಲಿ 2 ಮೆಗಾಹರ್ಟ್ಝ್‌ಗೆ ಅದರ ದಪ್ಪ ಸುಮಾರು 0.4 ಮೈಕ್ರೋಮೀಟರ್. ಕಾಲುವೆಯ ಆಳ ನೂರಾರು ಮೈಕ್ರೋಮೀಟರ್ ಇರುವಾಗ ಇದು ಲೆಕ್ಕಕ್ಕೇ ಬಾರದಷ್ಟು ತೆಳು. ಆದರೆ ಆಟ ಆಡಿಸುವುದು ಇದೇ.

ಕಾಲುವೆಯ ನಡುವೆ ಅಲುಗಾಟ ಜಾಸ್ತಿ, ಬದಿಯಲ್ಲಿ ಕಡಿಮೆ ಅಂದೆನಲ್ಲ. ಅಂದರೆ ಗಡಿಪದರದ ಯಾವುದೇ ತುಂಡು ತೆಗೆದುಕೊಂಡರೂ ಒಂದು ಕಡೆಯಿಂದ ಬರುವ ನೀರು ಇನ್ನೊಂದು ಕಡೆಯಿಂದ ಹೋಗುವ ನೀರಿಗೆ ಸಮ ಇರುವುದಿಲ್ಲ. ಹೆಚ್ಚಾದದ್ದು ಮೇಲೇಳಬೇಕು, ಕಡಿಮೆ ಬಿದ್ದರೆ ಮೇಲಿನಿಂದ ಇಳಿಯಬೇಕು. ಹಾಗಾಗಿ ಅಡ್ಡ ಅಲುಗಾಟದ ಜೊತೆ ತೀರಾ ಸಣ್ಣ ಏರಿಳಿತವೂ ಇರುತ್ತದೆ. ಏರುವಾಗ ಅದು ತಳದ ನಿಧಾನದ ನೀರನ್ನು ಮೇಲಕ್ಕೆ ಒಯ್ಯುತ್ತದೆ. ಇಳಿಯುವಾಗ ಮೇಲಿನ ವೇಗದ ನೀರನ್ನು ಕೆಳಕ್ಕೆ ತರುತ್ತದೆ. ನೀರಿಗೆ ಜಿಗುಟು ಇಲ್ಲದಿದ್ದರೆ ಈ ಎರಡು ಚಲನೆಗಳ ನಡುವೆ ಸರಿಯಾಗಿ ಕಾಲು ಸುತ್ತಿನ ಅಂತರ ಇರುತ್ತಿತ್ತು. ಒಯ್ದದ್ದೂ ತಂದದ್ದೂ ವಜಾ ಆಗಿಬಿಡುತ್ತಿತ್ತು. ಜಿಗುಟು ಆ ತಾಳ ತಪ್ಪಿಸುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಬಾಕಿ ಉಳಿಯುತ್ತದೆ. ಸೆಕೆಂಡಿಗೆ 20 ಲಕ್ಷ ಸಲ ಉಳಿಯುವ ಆ ಬಾಕಿಯೇ ಒಂದೇ ದಿಕ್ಕಿನ ತಳ್ಳಾಟ.

ಫಲ ಏನು? ಗಡಿಪದರದ ಹೊರ ಅಂಚಿನಲ್ಲಿ ನೀರು ನಡುವಿನಿಂದ ಬದಿಗೋಡೆಗಳ ಕಡೆಗೆ ಒಂದೇ ಸಮನೆ ಹರಿಯತೊಡಗುತ್ತದೆ. ತಳದಲ್ಲೂ ಮುಚ್ಚಳದಲ್ಲೂ ಒಂದೊಂದು ಬೆಲ್ಟ್ ಓಡುತ್ತಿರುವ ಹಾಗೆ. ಬೆಲ್ಟ್ ಎಳೆದುಕೊಂಡು ಹೋದ ನೀರು ಬದಿಗೆ ಬಡಿದು, ಕಾಲುವೆಯ ನಡು ಎತ್ತರದಲ್ಲಿ ವಾಪಸ್ ಬರುತ್ತದೆ. ಅಡ್ಡಕೊಯ್ತದಲ್ಲಿ ನೋಡಿದರೆ ನಾಲ್ಕು ಸುಳಿ. ಎರಡನೇ ವಿಡಿಯೋದ ಗುಂಡುಗಳು ಯಾಕೆ ನಡುವಿಗೆ ಬಂದು ಮಸುಕಾಗಿ ಬದಿಗೆ ಹೋದವು ಅಂತ ಈಗ ಗೊತ್ತಾಯಿತಲ್ಲ. ಅವು ನಡು ಎತ್ತರದ ಹರಿವಿನಲ್ಲಿ ಬಂದು, ಮೇಲೆ ಅಥವಾ ಕೆಳಗೆ ಹೋಗಿ, ಬೆಲ್ಟ್ ಹತ್ತಿ ವಾಪಸ್ ಹೋದವು. ಗಡಿಪದರದ ಒಳಗೂ ಉಲ್ಟಾ ತಿರುಗುವ ಪುಟಾಣಿ ಸುಳಿಗಳಿವೆ. 1932ರಲ್ಲಿ ಶ್ಲಿಕ್ಟಿಂಗ್ ಅವನ್ನು ವಿವರಿಸಿದರು. ನಮ್ಮ ಗುಂಡುಗಳಿಗೆ ಅದು ಅಷ್ಟು ಮುಖ್ಯ ಅಲ್ಲ, ಮುಂದೆ ಹೋಗೋಣ.

ಬೆಲ್ಟಿನ ವೇಗ ಎಷ್ಟು? ರೇಲೀಯ ಉತ್ತರ ಒಂದೇ ಸಾಲಿನದು. ನೀರಿನ ಅಲುಗಾಟದ ವೇಗವನ್ನು ವರ್ಗ ಮಾಡಿ, ಶಬ್ದದ ವೇಗದಿಂದ ಭಾಗಿಸಿ, ಎಂಟರಲ್ಲಿ ಮೂರು ಪಾಲು ತೆಗೆದುಕೊಳ್ಳಿ. ನಮ್ಮ ಸಂಖ್ಯೆ ಹಾಕಿದರೆ ಸೆಕೆಂಡಿಗೆ ಸುಮಾರು 100 ಮೈಕ್ರೋಮೀಟರ್.

ಆ ಸೂತ್ರದಲ್ಲಿ ಏನಿಲ್ಲ ಅಂತ ನೋಡಿದಿರಾ? ಜಿಗುಟು ಇಲ್ಲ! ಹರಿವು ಹುಟ್ಟಲು ಜಿಗುಟು ಬೇಕೇ ಬೇಕು. ಆದರೆ ಎಷ್ಟು ಜಿಗುಟು ಅನ್ನುವುದು ಉತ್ತರದಲ್ಲಿ ಕಾಣುವುದೇ ಇಲ್ಲ. ಜಿಗುಟು ಹೆಚ್ಚಾದರೆ ಗಡಿಪದರ ದಪ್ಪವಾಗುತ್ತದೆ, ತಳ್ಳುವ ಜಾಗ ಹೆಚ್ಚುತ್ತದೆ. ತಡೆಯೂ ಅಷ್ಟೇ ಹೆಚ್ಚುತ್ತದೆ. ಎರಡೂ ಸರಿಹೋಗಿಬಿಡುತ್ತವೆ. 140 ವರ್ಷದ ಹಿಂದಿನ ಈ ಫಲಿತಾಂಶ ಇವತ್ತಿಗೂ ವಿದ್ಯಾರ್ಥಿಗಳನ್ನು ಬೀಳಿಸುತ್ತದೆ. ‘ಗ್ಲಿಸರಾಲ್ ಬೆರೆಸಿ ನೀರನ್ನು ಮಂದ ಮಾಡಿದರೆ ಸುಳಿ ನಿಲ್ಲುತ್ತದೆ’ ಅಂತ ಅಂದುಕೊಳ್ಳುತ್ತಾರೆ. ಅಲುಗಾಟ ಅಷ್ಟೇ ಇದ್ದರೆ ಸುಳಿ ನಿಲ್ಲುವುದಿಲ್ಲ. ಬದಲಿಗೆ ಮಂದ ದ್ರವದಲ್ಲಿ ಗುಂಡಿನ ಓಟವೇ ನಿಧಾನವಾಗುತ್ತದೆ. ಪರಿಸ್ಥಿತಿ ಇನ್ನೂ ಕೆಡುತ್ತದೆ.

ಎರಡು ಮೈಕ್ರೋಮೀಟರಿನ ಗೆರೆ

ಈಗ ಎರಡನ್ನೂ ಪಕ್ಕಪಕ್ಕ ಇಡೋಣ. ಗುಂಡಿನ ಓಟ ಗಾತ್ರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ನೀರಿನ ಹರಿವಿಗೆ ಗುಂಡಿನ ಗಾತ್ರವೇ ಗೊತ್ತಿಲ್ಲ. 5 ಮೈಕ್ರೋಮೀಟರ್ ಗುಂಡಿಗೆ 600 ಎದುರು 100, ತಳ್ಳುವ ಬಲ ಗೆಲ್ಲುತ್ತದೆ. 1 ಮೈಕ್ರೋಮೀಟರಿಗೆ 24 ಎದುರು 100, ಹರಿವು ಗೆಲ್ಲುತ್ತದೆ. ಸಮ ಆಗುವುದು 2 ಮೈಕ್ರೋಮೀಟರ್ ಹತ್ತಿರ. ಲುಂಡ್ ತಂಡ ಮತ್ತು ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಹೆನ್ರಿಕ್ ಬ್ರೂಸ್ ಅವರ ತಂಡ 2012ರ ಆಸುಪಾಸಿನಲ್ಲಿ ಈ ಗೆರೆಯನ್ನು ಲೆಕ್ಕದಲ್ಲೂ ಪ್ರಯೋಗದಲ್ಲೂ ಸ್ಪಷ್ಟ ಮಾಡಿದವು.

ಈ ಗೆರೆ ಬಿದ್ದಿರುವ ಜಾಗವೇ ಸರಿಯಿಲ್ಲ. ಕೆಂಪು ರಕ್ತಕಣ 7-8 ಮೈಕ್ರೋಮೀಟರ್, ಬಿಳಿ ರಕ್ತಕಣ ಇನ್ನೂ ದೊಡ್ಡದು. ಇವು ಆರಾಮಾಗಿ ಗೆರೆಗಿಂತ ಮೇಲಿವೆ. ಪ್ಲೇಟ್‌ಲೆಟ್ ಎರಡು ಮೂರು ಮೈಕ್ರೋಮೀಟರ್, ಗೆರೆಯ ಮೇಲೇ ಕೂತಿದೆ. ಬ್ಯಾಕ್ಟೀರಿಯಾ ಗೆರೆಯ ಕೆಳಗೆ. ವೈರಸ್, ಜೀವಕೋಶಗಳು ಉಗುಳುವ ಪುಟ್ಟ ಚೀಲಗಳಾದ ಎಕ್ಸೋಸೋಮ್‌ಗಳಂತೂ 0.1 ಮೈಕ್ರೋಮೀಟರ್ ಆಸುಪಾಸು. ಅಲ್ಲಿ ಹರಿವು ತಳ್ಳುವ ಬಲಕ್ಕಿಂತ ಸುಮಾರು 400 ಪಟ್ಟು ಮುಂದು. ರೋಗಪತ್ತೆ ಮಾಡುವವರಿಗೆ ಬೇಕಾದ ಅರ್ಧದಷ್ಟು ವಸ್ತು ಗೆರೆಯ ತಪ್ಪು ಬದಿಯಲ್ಲಿದೆ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಒಂದೇ: ವೋಲ್ಟೇಜ್ ಜಾಸ್ತಿ ಮಾಡು. ಮಾಡಿದರೆ ಏನಾಗುತ್ತದೆ? ವೋಲ್ಟೇಜ್ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಹರಿವೂ ನಾಲ್ಕು ಪಟ್ಟು! ಎರಡೂ ಅಲೆಯ ಶಕ್ತಿಗೆ ತಕ್ಕಂತೆಯೇ ಏರುತ್ತವೆ. ಅನುಪಾತ ಒಂಚೂರೂ ಬದಲಾಗುವುದಿಲ್ಲ. ಎರಡನೇ ವಿಡಿಯೋ ನಾಲ್ಕು ಪಟ್ಟು ವೇಗವಾಗಿ ಓಡಿದ ಹಾಗೆ ಕಾಣುತ್ತದೆ, ಅಷ್ಟೇ. ನನ್ನ ಪ್ರಕಾರ ಈ ಕ್ಷೇತ್ರದ ಸ್ವಭಾವವನ್ನೇ ತೀರ್ಮಾನಿಸಿದ್ದು ಈ ಒಂದು ಸಂಗತಿ. ಬಲ ಪ್ರಯೋಗದಿಂದ ಆಗದ ಕೆಲಸ. ಬೇರೇನಾದರೂ ಬದಲಾಯಿಸಲೇಬೇಕು.

ಆವರ್ತನ ಬದಲಾಯಿಸಬಹುದು. ಆವರ್ತನ ನಾಲ್ಕು ಪಟ್ಟಾದರೆ ಗೆರೆ ಅರ್ಧಕ್ಕೆ ಇಳಿಯುತ್ತದೆ. 8 ಮೆಗಾಹರ್ಟ್ಝ್‌ನಲ್ಲಿ 1 ಮೈಕ್ರೋಮೀಟರ್. ಆದರೆ ಅರ್ಧ ಅಲೆಯ ಕಾಲುವೆ 94 ಮೈಕ್ರೋಮೀಟರಿಗೆ ಕುಗ್ಗುತ್ತದೆ. ಅದರೊಳಗೆ ಎಷ್ಟು ರಕ್ತ ಹರಿಸುತ್ತೀರಿ?

ಕಾಲುವೆಯ ಆಕಾರ ಬದಲಾಯಿಸಬಹುದು. 2014ರಲ್ಲಿ ಲುಂಡ್ ತಂಡ ಚೌಕ ಅಡ್ಡಕೊಯ್ತದ ಕಾಲುವೆ ಬಳಸಿತು. ಅಗಲದ ಅಲೆಯೂ ಎತ್ತರದ ಅಲೆಯೂ ಒಟ್ಟಿಗೆ ಎದ್ದಾಗ ನಾಲ್ಕು ಸುಳಿಯ ಬದಲು ಒಂದೇ ದೊಡ್ಡ ಸುಳಿ ಬಂತು. ಆ ಸುಳಿಯಲ್ಲಿ ಗುಂಡು ಸುತ್ತುತ್ತದೆ ನಿಜ. ಆದರೆ ತಳ್ಳುವ ಬಲ ಈಗ ಎರಡೂ ದಿಕ್ಕಿನಿಂದ ನಡುವಿಗೇ ಒತ್ತುತ್ತಿದೆ. ಸುತ್ತುತ್ತಾ ಸುತ್ತುತ್ತಾ ಗುಂಡು ನಡುವಿಗೆ ಇಳಿಯುತ್ತದೆ. ಅರ್ಧ ಮೈಕ್ರೋಮೀಟರ್ ಗುಂಡುಗಳನ್ನೂ ಇ. ಕೋಲಿ ಬ್ಯಾಕ್ಟೀರಿಯಾವನ್ನೂ ಹೀಗೆ ನಡುವಿಗೆ ತಂದು ತೋರಿಸಿದರು. ಸುಳಿಯನ್ನು ಕೊಲ್ಲದೆ, ಅದು ಕಾಟ ಕೊಡದ ಹಾಗೆ ತಿರುಗಿಸಿದ್ದು ಜಾಣತನ.

ಇನ್ನೊಂದು ದಾರಿ 2012ರದ್ದು, ಅದೂ ಲುಂಡ್‌ನದೇ. ಮೊದಲು ಸುಮಾರು 10 ಮೈಕ್ರೋಮೀಟರಿನ ದಪ್ಪ ಗುಂಡುಗಳನ್ನು ಅಲೆಯಲ್ಲಿ ಹಿಡಿದು ನಿಲ್ಲಿಸುತ್ತಾರೆ. ಆಮೇಲೆ ಬ್ಯಾಕ್ಟೀರಿಯಾ ಇರುವ ನೀರು ಹರಿಸುತ್ತಾರೆ. ದಪ್ಪ ಗುಂಡು ಚದುರಿಸುವ ಅಲೆ ಅದರ ಸುತ್ತ ಹತ್ತಿರದಲ್ಲಿ ಜೋರಾಗಿರುತ್ತದೆ. ಪಕ್ಕ ಬಂದ ಸಣ್ಣ ಕಣ ಅದಕ್ಕೆ ಸೆಳೆಯಲ್ಪಟ್ಟು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಹರಿವು ವೈರಿಯೂ ಅಲ್ಲ. ಕಣಗಳನ್ನು ಮತ್ತೆ ಮತ್ತೆ ಗುಂಡುಗಳ ಹತ್ತಿರ ತಂದು ಬಿಡುವುದು ಅದೇ.

ನನಗೆ ಅಚ್ಚರಿ ತಂದದ್ದು 2018ರ ಕೆಲಸ, ಬ್ರೂಸ್ ಮತ್ತು ಪರ್ ಔಗುಸ್ಟ್‌ಸನ್ ತಂಡಗಳದ್ದು. ಕಾಲುವೆಯ ನಡುವೆ ವಸ್ತು ಕರಗಿಸಿ ಸ್ವಲ್ಪ ಭಾರ ಮಾಡಿದ ದ್ರವ, ಬದಿಗಳಲ್ಲಿ ಹಗುರ ದ್ರವ ಹರಿಸಿದರು. ಗೋಡೆಯ ಬೆಲ್ಟ್ ಓಡುತ್ತಲೇ ಇತ್ತು, ಆದರೆ ನಡುವಿನ ಸುಳಿಗಳು ಮಾಯ! ಯಾಕೆಂದರೆ ಶಬ್ದವೇ ಭಾರದ ದ್ರವವನ್ನು ನಡುವೆ ಹಿಡಿದಿಡುತ್ತದೆ. ಸುಳಿ ಅದನ್ನು ಕಲಕಲು ಬಂದರೆ ಶಬ್ದ ವಾಪಸ್ ಎಳೆಯುತ್ತದೆ. ಪಾಪ, ಸುಳಿ ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿಬಿಡುತ್ತದೆ. ಎರಡು ದ್ರವಗಳು ತಾವಾಗಿ ಬೆರೆತುಹೋಗುವ ತನಕ ಮಾತ್ರ ಈ ಅನುಕೂಲ.

ಹಾಗಾದರೆ ದ್ರವದಲ್ಲಿ ಯಾವ ವ್ಯತ್ಯಾಸ ಇದ್ದರೂ ಹರಿವು ನಿಲ್ಲುತ್ತದಾ? ಇಲ್ಲ. 2021ರಲ್ಲಿ ಅವರೇ ಕಾಲುವೆಯ ಒಂದು ಕಡೆ ಬೆಳಕು ಬಿಟ್ಟು ಬಿಸಿ ಮಾಡಿದರು. ಮಿಲಿಮೀಟರಿಗೆ 10 ಡಿಗ್ರಿಯಷ್ಟು ವ್ಯತ್ಯಾಸ ಬಂದಾಗ ರೇಲೀ ಹರಿವಿನ ಸುಮಾರು 50 ಪಟ್ಟು ವೇಗದ ಹರಿವು ಎದ್ದಿತು. ಕರಗಿದ ವಸ್ತುವಿನ ವ್ಯತ್ಯಾಸ ತನ್ನಷ್ಟಕ್ಕೆ ಒಂದು ನೆಮ್ಮದಿಯ ಜೋಡಣೆಗೆ ಬಂದು ಕೂರುತ್ತದೆ. ಶಾಖ ಹಾಗೆ ಕೂರಲು ಬಿಡುವುದಿಲ್ಲ. ಅದು ನೂರು ಪಟ್ಟಿಗೂ ಹೆಚ್ಚು ಬೇಗ ಹರಡುತ್ತದೆ, ಬೆಳಕು ಅದನ್ನು ಮತ್ತೆ ಮತ್ತೆ ತುಂಬುತ್ತದೆ. ಇದರಿಂದ ಕಲಿಯಬೇಕಾದ್ದು: ನಿಮ್ಮ ಪೀಜೋ ತುಂಡು ಒಂದೇ ಕಡೆ ಬಿಸಿಯಾಗುತ್ತಿದ್ದರೆ, ನೀವು ನೋಡುತ್ತಿರುವ ಸುಳಿ ರೇಲೀಯದ್ದೇ ಅಂತ ಹೇಳುವ ಮುನ್ನ ತಾಪಮಾನ ಅಳೆಯಿರಿ.

ಸುಳಿಯೇ ಬೇಕಾದಾಗ

ಇಷ್ಟು ಹೊತ್ತು ಹರಿವನ್ನು ಬೈದೆ. ಅದು ಬೇಕಾದವರೂ ಇದ್ದಾರೆ. ಇಂಥ ಸಣ್ಣ ಕಾಲುವೆಯಲ್ಲಿ ಎರಡು ದ್ರವ ಬೆರೆಸುವುದು ಬಹಳ ಕಷ್ಟ. ಪಕ್ಕಪಕ್ಕ ಹರಿಯುತ್ತವೆಯೇ ಹೊರತು ಕಲಕುವುದಿಲ್ಲ. ಪ್ರೋಟೀನ್ ಅಣುವೊಂದು ತಾನಾಗಿ 100 ಮೈಕ್ರೋಮೀಟರ್ ಹರಡಲು ಒಂದು ನಿಮಿಷದ ಹತ್ತಿರ ಬೇಕು. ಅಲ್ಲಿ ಕಾಲುವೆಯ ಗೋಡೆಗೆ ಚೂಪಾದ ಮೊನೆಗಳನ್ನು ಮಾಡಿ, ಕೆಲವು ಕಿಲೋಹರ್ಟ್ಝ್‌ನಲ್ಲಿ ನಡುಗಿಸುತ್ತಾರೆ. ಮೊನೆಯ ಎರಡೂ ಪಕ್ಕ ಜೋರಾದ ಸುಳಿ ಏಳುತ್ತದೆ, ಸೆಕೆಂಡಿನ ಸಣ್ಣ ಪಾಲಿನಲ್ಲಿ ಬೆರೆಸಿಬಿಡುತ್ತದೆ. 5 ಕಿಲೋಹರ್ಟ್ಝ್‌ನಲ್ಲಿ ನೀರಿನ ಅಲೆಯ ಉದ್ದ 30 ಸೆಂಟಿಮೀಟರ್, ಚಿಪ್‌ಗಿಂತ ಎಷ್ಟೋ ದೊಡ್ಡದು. ಅಂದರೆ ಇಲ್ಲಿ ನಿಂತ ಅಲೆಯ ಮಾತೇ ಇಲ್ಲ, ಮೊನೆಯ ಸುತ್ತ ನೀರು ಗಕ್ಕನೆ ತಿರುಗಬೇಕಾದದ್ದೇ ಸಾಕು. ಸಿಕ್ಕಿಸಿಟ್ಟ ಗಾಳಿಗುಳ್ಳೆ ನಡುಗಿಸಿದರೂ ಇದೇ ಕೆಲಸ ಆಗುತ್ತದೆ.

ಇನ್ನೊಂದು ಬಗೆಯ ಹರಿವಿಗೆ ಗೋಡೆಯೇ ಬೇಡ. ಶಬ್ದ ದ್ರವದಲ್ಲಿ ಇಂಗುತ್ತಾ ಹೋಗುವಾಗ ತನ್ನ ತಳ್ಳಾಟವನ್ನು ದ್ರವಕ್ಕೆ ಒಪ್ಪಿಸಿ ಹೋಗುತ್ತದೆ. 1948ರಲ್ಲಿ ಎಕಾರ್ಟ್ ಇದನ್ನು ಲೆಕ್ಕಕ್ಕೆ ತಂದರು. ನಮ್ಮ 2 ಮೆಗಾಹರ್ಟ್ಝ್ ಚಿಪ್‌ನಲ್ಲಿ ಇದನ್ನು ಮರೆತುಬಿಡಬಹುದು. ಅಲ್ಲಿ ಶಬ್ದ ಗಮನಾರ್ಹವಾಗಿ ಇಂಗಲು ಸುಮಾರು 10 ಮೀಟರ್ ಬೇಕು, ಕಾಲುವೆಯ ಅಗಲ ಅರ್ಧ ಮಿಲಿಮೀಟರೂ ಇಲ್ಲ. ಆದರೆ 100 ಮೆಗಾಹರ್ಟ್ಝ್‌ಗೆ ಹೋದರೆ ಆ ದೂರ 4 ಮಿಲಿಮೀಟರಿಗೆ ಇಳಿಯುತ್ತದೆ. ಲಿಥಿಯಂ ನಯೋಬೇಟ್ ಹರಳಿನ ಮೇಲ್ಮೈಯಲ್ಲಿ ಓಡುವ ಅಲೆ ಒಂದು ನೀರಿನ ಹನಿಗೆ ತಾಗಿದಾಗ, ಸುಮಾರು 22 ಡಿಗ್ರಿ ವಾಲಿ ಹನಿಯೊಳಗೆ ನುಗ್ಗುತ್ತದೆ. ಹನಿ ಇಡೀ ಸುತ್ತುತ್ತದೆ, ಜಾಸ್ತಿ ಕೊಟ್ಟರೆ ಓಡುತ್ತದೆ, ಇನ್ನೂ ಕೊಟ್ಟರೆ ಮಂಜಾಗಿ ಹಾರುತ್ತದೆ. ಮೇಲ್ಮೈ ಅಲೆಯನ್ನು 1885ರಲ್ಲಿ ಊಹಿಸಿದ್ದೂ ಅದೇ ರೇಲೀ. ಆ ಮನುಷ್ಯ ಯಾವ ಮೂಲೆ ಬಿಟ್ಟಿದ್ದರೋ!

ಅಳತೆಯ ಬಗ್ಗೆ ಒಂದು ಮಾತು ಹೇಳಿ ಪ್ರಶ್ನೆಗಳಿಗೆ ಹೋಗುತ್ತೇನೆ. ಯಾರಾದರೂ ‘10 ವೋಲ್ಟ್ ಕೊಟ್ಟೆವು, ಇಷ್ಟು ಹರಿವು ಬಂತು’ ಅಂದರೆ ಅದರಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಅಂಟಿನ ದಪ್ಪ ಬದಲಾದರೂ ಒಳಗೆ ಹೋಗುವ ಶಬ್ದ ಬದಲಾಗುತ್ತದೆ. ನೀರು 1 ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 3 ಮೀಟರ್ ಏರುತ್ತದೆ. 2 ಮೆಗಾಹರ್ಟ್ಝ್‌ನ ಅನುರಣನ, ಅಂದರೆ ಅಲೆ ಕಾಲುವೆಯಲ್ಲಿ ಸರಿಯಾಗಿ ಕೂರುವ ಆವರ್ತನ, 4 ಕಿಲೋಹರ್ಟ್ಝ್ ಜಾರಲು ಅಷ್ಟು ಸಾಕು. ಸರಿಯಾದ ಕ್ರಮ ಬೇರೆ. ಮೊದಲು 5 ಮೈಕ್ರೋಮೀಟರ್ ಗುಂಡು ಹಾಕಿ, ಅವುಗಳ ಓಟದಿಂದ ಕಾಲುವೆಯೊಳಗಿನ ಶಬ್ದಶಕ್ತಿ ಲೆಕ್ಕ ಹಾಕಿ. ಆಮೇಲೆ ಅರ್ಧ ಮೈಕ್ರೋಮೀಟರ್ ಗುಂಡು ಹಾಕಿ ಹರಿವನ್ನು ಅಳೆಯಿರಿ. ದೊಡ್ಡದು ಬಲವನ್ನು ಹೇಳುತ್ತದೆ, ಚಿಕ್ಕದು ನೀರನ್ನು ಹೇಳುತ್ತದೆ.

ಸಭಿಕರ ಪ್ರಶ್ನೆಗಳು

*ಸರ್, ಇಷ್ಟು ಒತ್ತಡದಲ್ಲಿ ಜೀವಕೋಶ ಸಾಯುವುದಿಲ್ಲವೇ?*

ಸಾಮಾನ್ಯವಾಗಿ ಇಲ್ಲ. ಕೋಶಗಳು ಸೇರುವುದು ನೋಡ್‌ನಲ್ಲಿ, ಅಲ್ಲಿ ಒತ್ತಡದ ಏರಿಳಿತ ಕಡಿಮೆ. ಅಲೆಯ ಉದ್ದ ಕೋಶಕ್ಕಿಂತ ಎಷ್ಟೋ ದೊಡ್ಡದು, ಹಾಗಾಗಿ ಕೋಶದ ಒಂದು ತುದಿಗೂ ಇನ್ನೊಂದು ತುದಿಗೂ ಒತ್ತಡದ ವ್ಯತ್ಯಾಸ ಜಾಸ್ತಿ ಇರುವುದಿಲ್ಲ. ನಾನು ಹೆದರುವುದು ಶಾಖಕ್ಕೆ. ಪೀಜೋ ತುಂಡು ಬಿಸಿಯಾಗಿ ಚಿಪ್ 40 ಡಿಗ್ರಿ ದಾಟಿದರೆ ಕೋಶಗಳಿಗೆ ಕಷ್ಟ. ಆಮೇಲೆ ಗಾಳಿಗುಳ್ಳೆ. ಗುಳ್ಳೆ ಇದ್ದರೆ ಅದರ ಹತ್ತಿರದ ಕೋಶ ಹರಿದುಹೋಗಬಹುದು.

*ಇದನ್ನೆಲ್ಲ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಬಹುದಲ್ಲ, ಪ್ರಯೋಗ ಯಾಕೆ?*

ಹಾಕುತ್ತಾರೆ. ಕಷ್ಟ ಎಲ್ಲಿ ಅಂದರೆ ಕಾಲುವೆ ಸೆಂಟಿಮೀಟರ್ ಉದ್ದ, ಗಡಿಪದರ 0.4 ಮೈಕ್ರೋಮೀಟರ್. ಎರಡನ್ನೂ ಒಂದೇ ಜಾಲರಿಯಲ್ಲಿ ಹಿಡಿಯಲು ಹೋದರೆ ಮೂರು ಆಯಾಮದಲ್ಲಿ ಯಾವ ಕಂಪ್ಯೂಟರಾದರೂ ಏದುಸಿರು ಬಿಡುತ್ತದೆ. ಅದಕ್ಕೆ ಗಡಿಪದರವನ್ನು ಕೈಲೆಕ್ಕದಲ್ಲಿ ಬಿಡಿಸಿ, ಅದರ ಅಂಚಿನ ವೇಗವನ್ನು ಮಾತ್ರ ಕಂಪ್ಯೂಟರಿಗೆ ಕೊಡುತ್ತಾರೆ. ನಾನು ಬೆಲ್ಟ್ ಅಂದೆನಲ್ಲ, ಅದೇ. 1958ರಲ್ಲಿ ನೈಬೋರ್ಗ್ ತೋರಿಸಿದ ದಾರಿ. ನಿಜವಾದ ಚಿಪ್‌ನ ಅಂಟು, ಸಣ್ಣ ಓರೆಕೋರೆ ಇವು ಮಾದರಿಯಲ್ಲಿ ಇರುವುದಿಲ್ಲ. ಪ್ರಯೋಗ ಅದಕ್ಕೆ.

*ಗೋಡೆಯೇ ಕಾರಣ ಅಂದಿರಿ. ಹಾಗಾದರೆ ಗೋಡೆಯನ್ನೇ ಬದಲಾಯಿಸಿ ಸುಳಿ ನಿಲ್ಲಿಸಲು ಆಗುವುದಿಲ್ಲವೇ?*

ಒಳ್ಳೆಯ ಪ್ರಶ್ನೆ. 2020ರಲ್ಲಿ ಬಾಕ್ ಮತ್ತು ಬ್ರೂಸ್ ಇದನ್ನೇ ಕೇಳಿಕೊಂಡರು. ಹರಿವು ಹುಟ್ಟುವುದು ನೀರು ಗೋಡೆಯ ಗುಂಟ ಉಜ್ಜುವುದರಿಂದ. ಗೋಡೆಯೂ ನೀರಿನ ಜೊತೆಗೇ ಅಷ್ಟೇ ಅಲುಗಿದರೆ ಉಜ್ಜಾಟವೇ ಇಲ್ಲ, ಅಲ್ವಾ? ಹಾಗಾಗಿ ಇಡೀ ಕಾಲುವೆ ಅಲುಗಿದಾಗ ಗೋಡೆಯ ಗುಂಟ ನೀರಿನ ವೇಗ ಗೋಡೆಯ ವೇಗಕ್ಕೆ ಹೊಂದುವಂಥ ಅಡ್ಡಕೊಯ್ತದ ಆಕಾರವನ್ನು ಕಂಪ್ಯೂಟರಿನಿಂದ ಹುಡುಕಿಸಿದರು. ಲೆಕ್ಕದಲ್ಲಿ ಹರಿವು ಬಹುತೇಕ ಇಲ್ಲವಾಗುತ್ತದೆ. ಆದರೆ ಅದು ಚೌಕವೂ ಅಲ್ಲ, ವೃತ್ತವೂ ಅಲ್ಲ, ಬಾಗಿದ ಗೋಡೆಗಳ ಆಕಾರ. ಸಿಲಿಕಾನ್‌ನಲ್ಲಿ ನೇರ ಗೋಡೆ ಕೊರೆಯುವುದು ಸುಲಭ, ಬಾಗಿದ ಗೋಡೆ ಕಷ್ಟ. ಮೇಲಾಗಿ ಕಾಲುವೆ ಇಡಿಯಾಗಿ ಒಂದೇ ರೀತಿ ಅಲುಗಬೇಕು. ಕೆಳಗೆ ಅಂಟಿಸಿದ ಒಂದು ಪೀಜೋ ತುಂಡಿನಿಂದ ಅಂಥ ಅಲುಗಾಟ ಪಡೆಯುವುದೇ ದೊಡ್ಡ ಕೆಲಸ. ಇಲ್ಲಿ ಯಾರಿಗಾದರೂ ಗಾಜು ಕರಗಿಸಿ ಬೇಕಾದ ಆಕಾರದ ಸಣ್ಣ ಕೊಳವೆ ಎಳೆಯುವ ಕಲೆ ಗೊತ್ತಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಿ.